ಸ್ವೀಡನ್‌ನಲ್ಲಿ ದೊಡ್ಡಪ್ಪನಿಗೆ ಏನಂತಾರೆ?

ಹಾಸನ, ಚಿಕ್ಕಮಗಳೂರು ಕಡೆಯಿಂದ ಸ್ವೀಡನ್‌ಗೆ ಬಂದವರು ಇಂಗ್ಲಿಷಿನ ಅಂಕಲ್, ಆಂಟಿಯನ್ನೂ ಜೊತೆಗೆ ಹೊತ್ತು ತರುತ್ತಾರೆ. ಬೇಡವೇ ಬೇಡ. ಸಂಬಂಧದ ವಿಷಯದಲ್ಲಿ ಸ್ವೀಡಿಷ್ ನಮ್ಮ ಪಕ್ಷ. ಅಪ್ಪನ ಅಣ್ಣತಮ್ಮಂದಿರು ಫರ್‌ಬ್ರೂರ್, ಸೋದರಮಾವ ಮುರ್‌ಬ್ರೂರ್. ಸೋದರತ್ತೆ ಫಸ್ತೆರ್, ಅಮ್ಮನ ಅಕ್ಕತಂಗಿಯರು ಮುಸ್ತೆರ್. ಅಮ್ಮನ ಅಮ್ಮ ಮುರ್‌ಮುರ್, ಅಪ್ಪನ ಅಪ್ಪ ಫರ್‌ಫರ್. ಫಾರ್ ಅಂದರೆ ಅಪ್ಪ, ಮೂರ್ ಅಂದರೆ ಅಮ್ಮ, ಇಷ್ಟು ನೆನಪಿದ್ದರೆ ಉಳಿದದ್ದು ಜೋಡಿಸಿಕೊಂಡರಾಯಿತು.

ಆದರೆ ದೊಡ್ಡಪ್ಪ, ಚಿಕ್ಕಪ್ಪ ಎರಡಕ್ಕೂ ಒಂದೇ ಪದ, ತೊಡಕಾಗುವುದು ಅಲ್ಲೇ. ಅರಸೀಕೆರೆಯಿಂದ ನಮ್ಮ ಭಾವ ಬಂದಿದ್ದಾಗ ಮಗಳು ಶಿಶುವಿಹಾರದಲ್ಲಿ, ಇವತ್ತು ನನ್ನನ್ನು ಕರೆದುಕೊಂಡು ಹೋಗೋಕೆ 'ದೊಡ್ಡ ಅಪ್ಪ' ಬರ್ತಾರೆ ಅಂತ ಸ್ವೀಡಿಷ್‌ನಲ್ಲಿ ಅನುವಾದ ಮಾಡಿ ಹೇಳಿದ್ದಾಳೆ. ಇಲ್ಲಿ ಅಮ್ಮನ ಹೊಸ ಸಂಗಾತಿಗೆ ಬೋನಸ್‌ಪಪ್ಪ ಅನ್ನುವ ಪದವೇ ಇದೆಯಲ್ವಾ, ಟೀಚರ್ ಅದೇ ಇರಬೇಕು ಅಂದುಕೊಂಡು ನನಗೆ ಫೋನ್ ಮಾಡಿ ಬಹಳ ನಾಜೂಕಾಗಿ ವಿಚಾರಿಸಿದರು. ಭಾವನಿಗೆ ಇವತ್ತಿಗೂ ಮನೆಯಲ್ಲಿ ಬೋನಸ್ ಅಂತಲೇ ಹೆಸರು.

ಮದುವೆಯಿಂದ ಬಂದ ನಂಟು ಇಲ್ಲಿ ಬೇರೆಯೇ ಗೂಡು. ಹೆಣ್ಣು ಕೊಟ್ಟ ಮಾವ ಸ್ವ್ಯಾರ್‌ಫಾರ್, ಅವನನ್ನು ಮುರ್‌ಬ್ರೂರ್ ಅನ್ನುವಂತಿಲ್ಲ. ನಮ್ಮೂರಲ್ಲಿ ಸೋದರಮಾವನ ಮಗಳನ್ನೇ ತಂದುಕೊಂಡವರಿಗೆ ಎರಡೂ ಒಬ್ಬನೇ ಮಾವ, ಅದನ್ನು ಇಲ್ಲಿನವರಿಗೆ ಬಿಡಿಸಿ ಹೇಳೋಕೆ ಹೋದರೆ ಕಾಫಿ ಆರಿಹೋಗುತ್ತದೆ. ಭಾವ, ಭಾವಮೈದ, ಮೈದುನ ಎಲ್ಲರೂ ಸ್ವೋಗೆರ್. ಬೀಗರಿಗೆ ರೂಢಿಯ ಪದವೇ ಇಲ್ಲ, ಸುಮ್ನೆ 'ಸೊಸೆಯ ಅಪ್ಪ ಅಮ್ಮ' ಅನ್ನಿ.

ಪದ ಇದೆ ಅಂತ ಸಿಕ್ಕಿದ ಹಿರಿಯರನ್ನೆಲ್ಲ ಫರ್‌ಬ್ರೂರ್ ಅನ್ನಬೇಡಿ. ಹಿಂದೆ ಮಕ್ಕಳು ಹಾಗೆ ಕರೆಯುತ್ತಿದ್ದರು, ಈಗ ಹಳೇ ಕಾಲದ ಮಾತು. ಡಾಕ್ಟರ್, ಮೇಷ್ಟ್ರು, ಪಕ್ಕದ ಮನೆ ಅಜ್ಜ, ಎಲ್ಲರಿಗೂ ಹೆಸರು ಹಿಡಿದೇ ಮಾತು, 'ಡು' ಅಂದರೆ ನೀನು. 1967ರಲ್ಲಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿದ್ದ ಬ್ರೂರ್ ರೆಕ್ಸೆಡ್ ತಮ್ಮ ಸಿಬ್ಬಂದಿಯನ್ನೆಲ್ಲ ಡು ಅಂತಲೇ ಕರೆಯುತ್ತೇನೆ ಅಂದಿದ್ದು ದೊಡ್ಡ ಸುದ್ದಿಯಾಗಿತ್ತು. ಅವರ ಹೆಸರಿನ ಅರ್ಥವೇ ಸಹೋದರ, ನೋಡಿ! ನನಗೆ ಎರಡು ವರ್ಷ ನಾಲಿಗೆ ಹೊರಳಲಿಲ್ಲ.

ಇನ್ನು ಬಾಣಂತನಕ್ಕೆ ಅಮ್ಮನನ್ನು ಕರೆಸಿಕೊಳ್ಳುವವರಿಗೆ. ಮಗುವಿಗೆ 480 ದಿನ ರಜೆಯ ಭತ್ಯೆ ಉಂಟು. 2024ರ ಜುಲೈನಿಂದ ಅಪ್ಪ, ಅಮ್ಮ ತಲಾ 45 ದಿನ ಬೇರೆಯವರಿಗೆ ಬಿಟ್ಟುಕೊಡಬಹುದು, ಮುರ್‌ಮುರ್‌ಗೂ ಸರಿ. ಆದರೆ ಅವರು ಇಲ್ಲಿನ ಸಾಮಾಜಿಕ ವಿಮೆಯೊಳಗೆ ಇರಬೇಕು. ವಿಸಿಟ್ ವೀಸಾದಲ್ಲಿ ಚಟ್ನಿಪುಡಿ ಹೊತ್ತು ಬಂದ ಅಜ್ಜಿಗೆ ಸಿಗುವುದಿಲ್ಲ, ಅವರು 90 ದಿನದೊಳಗೆ ವಾಪಸ್ ಹೊರಡಬೇಕು.