ಕಿಟಕಿ ಒಂದು ಬೆರಳಷ್ಟು ಇಳಿಸಿದ್ರೆ ಸಾಕಾ?

ಮೊನ್ನೆ ಮತ್ತೆ ಅದನ್ನೇ ನೋಡಿದೆ. ಒಬ್ಬ ಹುಡುಗ ಕಾರು ನಿಲ್ಲಿಸಿದ, ಕಿಟಕಿ ಒಂದು ಬೆರಳಷ್ಟು ಇಳಿಸಿದ, ಹಿಂದಿನ ಸೀಟಲ್ಲಿ ನಾಯಿ, "ಐದೇ ನಿಮಿಷ ಆಂಟಿ, ನೆರಳಲ್ಲೇ ಇದೆಯಲ್ಲ" ಅಂದು ಮೊಬೈಲ್ ನೋಡ್ಕೊಂಡು ಹೊರಟ. ಐದು ನಿಮಿಷ ಅಂದವರು ಐದು ನಿಮಿಷಕ್ಕೆ ಬಂದಿದ್ದನ್ನ ನಾನಂತೂ ಕಂಡಿಲ್ಲ. ಹೊರಗೆ 24 ಡಿಗ್ರಿ ಇದ್ರೆ ನಮಗೆ ಹಿತವಾಗೇ ಇರುತ್ತೆ, ಅಂಥ ದಿನಾನೂ ಮುಚ್ಚಿದ ಕಾರೊಳಗೆ 10 ನಿಮಿಷಕ್ಕೆ 34ರ ಹತ್ರ, ಅರ್ಧ ಗಂಟೆಗೆ 43ರ ಹತ್ರ ಏರಿಬಿಡುತ್ತೆ. ಬಿಸಿಲು ಗಾಜಿಂದ ಒಳಗೆ ಬಂದು ಸೀಟು, ಡ್ಯಾಶ್‌ಬೋರ್ಡ್ ಕಾಯಿಸುತ್ತೆ, ಅವು ಗಾಳೀನ ಕಾಯಿಸ್ತವೆ, ಕಿಟಕಿ ಒಂದಿಂಚು ಇಳಿಸಿದ್ರೂ ಹೆಚ್ಚುಕಮ್ಮಿ ಅದೇ ಕಥೆ. ನೆರಳು ಬೇರೆ ಸರ್ಕೊಂಡು ಹೋಗುತ್ತೆ. ಎಸಿ ಹಾಕಿಟ್ಟು ಹೋಗ್ತೀವಿ ಅನ್ನೋರೂ ಇದ್ದಾರೆ, ಇಂಜಿನ್ ಆಫ್ ಆದ್ರೆ ನಾಯಿ ಫೋನ್ ಮಾಡಿ ಹೇಳುತ್ತಾ? ಅಂಗಡಿ ಕೆಲಸ ಇದ್ದ ದಿನ ನಾಯೀನ ಮನೇಲಿ ಬಿಡಿ, ಇಲ್ಲಾ ಅದನ್ನ ನೋಡ್ಕೊಳ್ಳೋಕೆ ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ.

ನಾನೇನು ಹುಟ್ಟಾ ಬುದ್ಧಿವಂತೆ ಅಲ್ಲ. ನಮ್ಮ ನಾಯಿ ಕರಿಯನ್ನ ಒಂದ್ಸಲ ಹಾಗೇ ಬಿಟ್ಟು ಹೋಗಿದ್ದೆ. ಬಂದು ನೋಡಿದ್ರೆ ಆ ಕಿಟಕಿ ಸಂದಿಗೆ ಮೂಗು ಒತ್ಕೊಂಡು ನಿಂತಿದೆ, ಗಾಜಿನ ಒಳಗಡೆ ಎಲ್ಲಾ ಜೊಲ್ಲು, ಅಂಟಂಟಾಗಿ ಎಳೆ ಎಳೆಯಾಗಿ ಇಳೀತಿತ್ತು, ವಸಡು ಕೆಂಪಗೆ. ನಾಯಿಗೆ ನಮ್ಮ ತರ ಮೈಯೆಲ್ಲಾ ಬೆವರಲ್ಲ, ಅಂಗಾಲಲ್ಲಿ ಒಂಚೂರು ಅಷ್ಟೇ, ಮಿಕ್ಕಿದ್ದೆಲ್ಲಾ ತೇಕಿ ತೇಕಿನೇ ತಣಿಸ್ಕೋಬೇಕು, ಸುತ್ತಲಿನ ಗಾಳಿನೇ ಕಾದು ತೇವ ತುಂಬ್ಕೊಂಡ್ರೆ ಎಷ್ಟು ತೇಕಿ ಏನು ಬಂತು. ಪಗ್ಗು, ಬುಲ್‌ಡಾಗು, ಚಪ್ಪಟೆ ಮೂತಿ ಬೆಕ್ಕು, ಇವುಗಳಿಗೆ ತೇಕೋಕೂ ಸರಿಯಾಗಿ ಆಗಲ್ಲ ಪಾಪ.

ಇನ್ನೊಂದು ತಪ್ಪು, ಬಿಸಿಲಲ್ಲಿ ನಿಂತಿದ್ದ ಕಾರಿಗೆ ನಾಯೀನ ಸೀದಾ ಹತ್ತಿಸಿಬಿಡೋದು. ನನ್ನ ಕ್ರಮ ನೋಡಿ ಮನೆಯವರೆಲ್ಲಾ ನಗ್ತಾರೆ, ನಗಲಿ. ನಾಯಿ ಹೊರಗೆ ನೆರಳಲ್ಲಿ ನಿಂತಿರಬೇಕು. ಒಂದು ಕಡೆ ಕಿಟಕಿ ಪೂರ್ತಿ ಇಳಿಸಿ, ಅದರ ಎದುರು ಬದಿ ಬಾಗಿಲನ್ನ ಬೀಸಣಿಗೆ ತರ ಐದಾರು ಸಲ ಆಡಿಸಿ, ಧಡಾರ್ ಅಂತ ಬಡೀಬೇಡಿ, ಅರ್ಧಕ್ಕೇ ತಂದು ಮತ್ತೆ ಎಳೀಬೇಕು, ಒಳಗಿನ ಬಿಸಿ ಗಾಳಿ ಆ ಕಿಟಕೀಲಿ ಬುಸ್ ಅಂತ ಆಚೆ ಬರೋದು ಕೈಗೆ ಗೊತ್ತಾಗುತ್ತೆ. ಆಮೇಲೆ ಒದ್ದೆ ಬಟ್ಟೇಲಿ ಸೀಟು ಒರೆಸಿ. ಬೆಲ್ಟಿನ ಕಬ್ಬಿಣದ ಕೊಂಡಿ ಮರೀಬೇಡಿ, ಹೊಟ್ಟೆಗೆ ತಾಗಿದ್ರೆ ಚುರ್ ಅನ್ನುತ್ತೆ. ಕೈ ಹಿಂಭಾಗ ಸೀಟಿಗಿಟ್ಟು ನಿಧಾನವಾಗಿ ಏಳರವರೆಗೆ ಎಣಿಸ್ತೀನಿ, ಅಷ್ಟರೊಳಗೆ ಕೈ ತೆಗೀಬೇಕು ಅನ್ಸಿದ್ರೆ ಇನ್ನೊಂದ್ಸಲ ಒರೆಸೋದೇ. ಕೊನೆಗೆ ಹಳೇ ಕಾಟನ್ ಟವೆಲ್ ನೆನೆಸಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಹಾಸಿ ಎಸಿ ಹಾಕಿ.

ಇಷ್ಟಾಗೀನೂ ನಾಯಿ ಸೋತು ಕಾಲು ತಡವರಿಸಿದ್ರೆ, ವಾಂತಿ ಮಾಡಿದ್ರೆ, ಮೊದಲು ತಣಿಸಿ, ಆಮೇಲೆ ನಾಯಿ ಡಾಕ್ಟರ್ ಹತ್ರ ಓಡಿ. ಹೊಟ್ಟೆ, ಕಾಲು, ಮೈಗೆಲ್ಲಾ ತಣ್ಣೀರು ಹೊಯ್ತಾನೇ ಇರಿ, ಗಾಳಿ ಬೀಸಿ. ಸೀಟಿಗೆ ಹಾಸೋ ಒದ್ದೆ ಟವೆಲ್ ಬೇರೆ, ಮೈ ಮೇಲೆ ಹೊದಿಸಿಬಿಟ್ರೆ ಅದು ಬಿಸಿಯಾಗಿ ಕಂಬಳಿ ತರ ಆಗುತ್ತೆ. ಬಾಯಿಗೆ ಬಲವಂತವಾಗಿ ನೀರು ಹಾಕ್ಬೇಡಿ, ಮುಂದಿಟ್ರೆ ಬೇಕಾದ್ರೆ ಕುಡಿಯುತ್ತೆ. ಬಾಲ ಆಡಿಸ್ತು, ಸರಿಹೋಯ್ತು ಅಂತ ಮನೆಗೆ ಕರ್ಕೊಂಡು ಹೋಗೋ ಹಾಗಿಲ್ಲ, ಒಳಗೆ ಕಿಡ್ನಿಗೆ ಏಟು ಬಿದ್ದಿದ್ರೆ ಗೊತ್ತಾಗೋದು ಎಷ್ಟೋ ಹೊತ್ತಾದ್ಮೇಲೆ. ಡಾಕ್ಟರ್ ನಂಬರ್ ಇವತ್ತೇ ಸೇವ್ ಮಾಡಿಟ್ಕೊಳ್ಳಿ, ಆ ಗಾಬರೀಲಿ ಹುಡುಕೋಕೆ ಕೈನೇ ಓಡಲ್ಲ.