ಸೆಗೋವಿಯಾ: ಮೂರನೇ ಸಲಕ್ಕೆ ಸರಿಹೋಯ್ತು

ಅಮ್ಮನಿಗೆ ಮಂಡಿನೋವು, ಮೇಲೆ ಶುದ್ಧ ಸಸ್ಯಾಹಾರಿ. ಇವರನ್ನು ಕರ್ಕೊಂಡು ಸ್ಪೇನಿನ ಸೆಗೋವಿಯಾ ಊರನ್ನು ಒಂದೇ ದಿನದಲ್ಲಿ ನೋಡಿ ಬರೋಕೆ ಆಗಲ್ಲ ಅಂತ ಮ್ಯಾಡ್ರಿಡ್‌ನ ಗೆಳೆಯರೆಲ್ಲ ತಲೆ ಆಡಿಸಿದ್ದರು. ಆಯ್ತು ನೋಡಿ.

ಎರಡು ಸಲ ಒಬ್ಬನೇ ಹೋಗಿ ಕೈಸುಟ್ಟುಕೊಂಡಿದ್ದೆ. ಮೊದಲ ಸಲ ಮ್ಯಾಡ್ರಿಡ್‌ನ ಚಮಾರ್ಟಿನ್ ನಿಲ್ದಾಣದಿಂದ ವೇಗದ ರೈಲು. ಅರ್ಧ ಗಂಟೆಯಲ್ಲಿ ಸೆಗೋವಿಯಾದ ಗಿಯೋಮಾರ್ ನಿಲ್ದಾಣ, ಆದರೆ ಅದು ಇರೋದು ಊರಾಚೆ ಬಯಲಲ್ಲಿ. ಕಣ್ಣೆದುರೇ ಸಿಟಿ ಬಸ್ ಹೊರಟುಹೋಯ್ತು. ಕೊನೇ ಗಳಿಗೆಯಲ್ಲಿ ತೆಗೆದ ಟಿಕೆಟ್ಟು ಬೇರೆ, ಹೋಗಿಬರೋಕೆ ನಲವತ್ತು ಯೂರೋ ಹತ್ತಿರ ಆಗಿತ್ತು. ಎರಡನೇ ಸಲ ಮ್ಯಾಡ್ರಿಡ್‌ನ ಮೊಂಕ್ಲೋವಾದಿಂದ ಬಸ್ಸು, ಒಂದೂಕಾಲು ಗಂಟೆ, ಒಂದು ಕಡೆಗೆ ಐದು ಯೂರೋ ಚಿಲ್ಲರೆ ಅಂತ ನೆನಪು. ದುಡ್ಡು ಉಳೀತು, ಆದರೆ ಎಲ್ಲರ ಹಾಗೆ ಕಮಾನುಗಳ ಮೇಲೆ ನಿಂತ ರೋಮನ್ ಕಾಲುವೆಯಿಂದ ಶುರು ಮಾಡಿ ಏರು ಹತ್ತಿದೆ. ಅಲ್ಕಸಾರ್ ಕೋಟೆ ತಲುಪುವಷ್ಟರಲ್ಲಿ ತೊಡೆ ನಡುಗುತ್ತಿತ್ತು. ಊಟಕ್ಕೆ ಹುದಿಯೋನೆಸ್, ಅಂದರೆ ದಪ್ಪ ಬಿಳಿ ಅವರೆಯಂಥ ಕಾಳು, ಮಾಂಸ ಬೇಡ ಅಂತ ಹೇಳಿಯೂ ತಳದಲ್ಲಿ ಹಂದಿಮಾಂಸದ ತುಂಡು! ಹದಿನೈದು ಯೂರೋ ನೀರಲ್ಲಿ ಹೋಮ.

ಹಾಗಾಗಿ ಅಮ್ಮನ ಜೊತೆ ಎಲ್ಲಾ ಉಲ್ಟಾ ಮಾಡಿದೆ. ಬಸ್ ಇಳಿದವರೇ ಟ್ಯಾಕ್ಸಿ ಹತ್ತಿ ಸೀದಾ ಅಲ್ಕಸಾರ್‌ಗೆ. ಏಳೆಂಟು ಯೂರೋ ಇರಬೇಕು, ಇಡೀ ದಿನದಲ್ಲಿ ಸಾರ್ಥಕವಾದ ಖರ್ಚು ಅದೇ. ಗೋಪುರದ 152 ಮೆಟ್ಟಿಲು ನಾನೊಬ್ಬನೇ ಹತ್ತಿ ಬಂದೆ. 1862ರ ಬೆಂಕಿಯಲ್ಲಿ ಒಳಗಿನ ಚಾವಣಿಗಳು ಸುಟ್ಟಿದ್ದವು, ಈಗಿರೋದು ಆಮೇಲೆ ಮಾಡಿದ್ದು ಅಂದಾಗ ಅಮ್ಮ, "ಗೊತ್ತೇ ಆಗಲ್ಲ ಕಣೋ" ಅಂದರು.

ಊಟಕ್ಕೆ ಚಪಾತಿ ಸುರುಳಿ, ಶೇಂಗಾ ಚಟ್ನಿಪುಡಿ. ಕೋಟೆ ಕಾಣೋ ಹಾಗೆ, ನೆರಳಲ್ಲಿ, ಕಾಸಿಲ್ಲದೆ ಕೂತು ತಿನ್ನೋಕೆ ಒಂದು ಜಾಗ ಇದೆ. ಎಲ್ಲಿ ಅಂತ ಹೇಳಲ್ಲ, ಜನ ತುಂಬಿಬಿಡ್ತಾರೆ. ಮಧ್ಯೆ ಪೊಂಚೆ ಸೆಗೋವಿಯಾನೋ ಅನ್ನೋ ಕೇಕೂ ತಂದು ನೋಡಿದೆ. ಮೊಟ್ಟೆ ಇದೆ ಅಂತ ಅಮ್ಮ ಮುಟ್ಟಲಿಲ್ಲ, ಎರಡು ಪಾಲೂ ನನಗೇ, ಬಾದಾಮಿ ಹಲ್ವದ ಅಣ್ಣ ಅನ್ನಬಹುದು.

ಅಲ್ಲಿಂದ ಊರಿನ ದೊಡ್ಡ ಚೌಕ ಪ್ಲಾಸಾ ಮಯೋರ್‌ವರೆಗೆ ಮಾತ್ರ ಸ್ವಲ್ಪ ಏರು, ಎರಡು ಕಡೆ ಕೂತು ಹೋದೆವು. ಆಮೇಲೆ ಕಾಯೆ ರೆಯಾಲ್ ಬೀದಿ ಉದ್ದಕ್ಕೂ ಇಳಿಜಾರೇ. ಇಳಿದು ಮುಗಿಸುವಾಗ ಎದುರಿಗೇ ಕಾಲುವೆ, 28 ಮೀಟರ್ ಎತ್ತರ, ಗಾರೆ ಇಲ್ಲದೆ ನಿಂತ ಕಲ್ಲು, ಸಂಜೆ ಬಿಸಿಲಿಗೆ ಹೊನ್ನಿನ ಬಣ್ಣ.

"ಹಂಪೀಲೂ ಕಲ್ಲಿನ ಕಾಲುವೆ ಇದ್ಯಲ್ಲ," ಅಂದರು ಅಮ್ಮ. ಇದೆ ಅಂದೆ. ಆಮೇಲೆ ಕತ್ತೆತ್ತಿ ನೋಡುತ್ತಾ, "ಇಷ್ಟೆತ್ತರ ಇಲ್ಲ ಬಿಡು," ಅಂತ ಅವರೇ ಸೇರಿಸಿದರು. ಏಳು ಗಂಟೆ ಬಸ್ಸು ಸಿಕ್ತು.