ನಾಲ್ಕು ವಿದ್ಯುತ್ಕಾಂತ, ಒಂದೇ ಅಡಾಪ್ಟರ್

ಮೊಳೆಗೆ ತಾಮ್ರದ ತಂತಿ ಸುತ್ತಿ ಬ್ಯಾಟರಿಗೆ ತಾಗಿಸಿದರೆ ಗುಂಡುಪಿನ್ನುಗಳು ಅಂಟಿಕೊಳ್ಳುತ್ತವೆ. ಅಷ್ಟನ್ನು ಶಾಲೆಯಲ್ಲಿ ಎಲ್ಲರೂ ಮಾಡಿದ್ದೇವೆ. ನಾಲ್ಕು ಕಾಂತಗಳನ್ನು ಸಾಲಾಗಿ ಕೂರಿಸಿ, ಬೇಕಾದದ್ದನ್ನು ಮಾತ್ರ ಚಾಲೂ ಮಾಡಬೇಕೆಂದಾಗ ತಲೆನೋವು ಶುರು. ಮಗಳ ವಿಜ್ಞಾನ ಪ್ರದರ್ಶನಕ್ಕೆ ಆಟಿಕೆ ಕ್ರೇನ್ ಕಟ್ಟುವಾಗ ನನ್ನ ಎರಡು ಸಂಜೆ ಇದರಲ್ಲೇ ಹೋದವು.

ಮೊದಲ ಕೆಲಸ ಅಳತೆ. ಕಾಂತದ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದು ರೋಧ ನೋಡಿ. ನನ್ನ 12 ವೋಲ್ಟ್ ಕಾಂತಗಳು ತಲಾ 24 ಓಮ್ ತೋರಿಸಿದವು. 12ನ್ನು 24ರಿಂದ ಭಾಗಿಸಿದರೆ ಅರ್ಧ ಆಂಪಿಯರ್. ನಾಲ್ಕೂ ಒಟ್ಟಿಗೆ ಕೆಲಸ ಮಾಡಿದರೆ 2 ಆಂಪಿಯರ್. ಸ್ವಲ್ಪ ಕೈ ಸಡಿಲವಿರಲೆಂದು 12 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ತಂದೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿಯನ್ನು ಈ ಕೆಲಸಕ್ಕೆ ನಂಬಬೇಡಿ. 230 ವೋಲ್ಟ್ ತಿರುಪುಗಳು ಹೊರಗೆ ಕಾಣುವ ಪವರ್ ಸಪ್ಲೈ ಅಗ್ಗವೆಂದು ತರಲೂ ಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಕಾಂತಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ಸರಣಿಯಲ್ಲಿ ಜೋಡಿಸಿದರೆ ಒಂದೊಂದಕ್ಕೂ ಸಿಗುವುದು 3 ವೋಲ್ಟ್. ವಿದ್ಯುತ್ ಪ್ರವಾಹ ಕಾಲು ಭಾಗಕ್ಕೆ ಇಳಿಯುತ್ತದೆ. ಎಳೆಯುವ ಬಲ ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಹೆಚ್ಚುಕಡಿಮೆ ಹದಿನಾರರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಆದ್ದರಿಂದ ಸಮಾಂತರ ಜೋಡಣೆಯೇ ಸರಿ: ಅಡಾಪ್ಟರಿನ ಪ್ಲಸ್ ತಂತಿಗೆ 3 ಆಂಪಿಯರ್ ಫ್ಯೂಸ್ ಹಾಕಿ, ಅಲ್ಲಿಂದ ಪ್ರತಿ ಕಾಂತದ ಒಂದು ತುದಿಗೆ ಬೇರೆ ಬೇರೆ ತಂತಿ ಎಳೆಯಿರಿ. ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡಿನ ತೆಳು ತಂತಿಗಳ ಮೂಲಕ 2 ಆಂಪಿಯರ್ ಹರಿಸುವುದು ಬೇಡ.

ಇನ್ನು ಸ್ವಿಚ್. ಪ್ರೋಗ್ರಾಮಿನಂತೆ ನಡೆಯುವ ಪುಟ್ಟ ಬೋರ್ಡಾದ ಆರ್ಡುಯಿನೊ ಯುನೊ ಆರ್3ರ ಒಂದು ಪಿನ್ನಿನಿಂದ ನಿಶ್ಚಿಂತೆಯಾಗಿ ಪಡೆಯಬಹುದಾದದ್ದು 20 ಮಿಲಿಆಂಪಿಯರ್. ನಮಗೆ ಬೇಕಾದದ್ದು 500. ಹಾಗಾಗಿ ಪ್ರತಿ ಕಾಂತಕ್ಕೂ ಒಂದೊಂದು ಎಲೆಕ್ಟ್ರಾನಿಕ್ ಸ್ವಿಚ್, ಅಂದರೆ ಮಾಸ್‌ಫೆಟ್ ಬೇಕು. ಅಂಗಡಿಯಲ್ಲಿ ಐಆರ್‌ಎಲ್‌ಝಡ್44ಎನ್ ಎಂದೇ ಕೇಳಿ. ‘ಎಲ್’ ಬದಲು ‘ಎಫ್’ ಇರುವುದನ್ನು ಕೊಟ್ಟರೆ ಅದು 5 ವೋಲ್ಟಿಗೆ ಪೂರ್ತಿ ತೆರೆದುಕೊಳ್ಳುವ ಭರವಸೆಯಿಲ್ಲ. ಅರೆತೆರೆದ ಬಾಗಿಲಿನಂತೆ ನಿಂತು ಬಿಸಿಯಾಗುತ್ತದೆ. ಬರಹ ನಿಮ್ಮ ಕಡೆಗಿದ್ದಾಗ ಕಾಲುಗಳು ಎಡದಿಂದ ಗೇಟ್, ಡ್ರೈನ್, ಸೋರ್ಸ್. ಗೇಟನ್ನು 220 ಓಮ್ ಮೂಲಕ ಆರ್ಡುಯಿನೊ ಪಿನ್ನಿಗೆ, ಡ್ರೈನನ್ನು ಕಾಂತದ ಇನ್ನೊಂದು ತುದಿಗೆ, ಸೋರ್ಸನ್ನು ಮೈನಸ್ಸಿಗೆ ಸೇರಿಸಿ. ಗೇಟಿನಿಂದ ಮೈನಸ್ಸಿಗೆ 10 ಕಿಲೋಓಮ್ ಹಾಕಿದರೆ ಬೋರ್ಡ್ ಚಾಲೂ ಆಗುವ ಕ್ಷಣದಲ್ಲಿ ಕಾಂತ ತಾನಾಗಿ ಮಿಡುಕುವುದಿಲ್ಲ. ಆರ್ಡುಯಿನೊದ ಗ್ರೌಂಡ್ ಮತ್ತು ಅಡಾಪ್ಟರಿನ ಮೈನಸ್ ಒಂದಾಗಿರಲೇಬೇಕು.

ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ಮರೆತು ನಾನು ಪಾಠ ಕಲಿತೆ. ಮೂರು ಕಾಂತಗಳಿಗೆ ಹಾಕಿದ್ದೆ, ನಾಲ್ಕನೆಯದಕ್ಕೆ ಹಾಕಿರಲಿಲ್ಲ. ಅದನ್ನು ಆರಿಸಿದಾಗಲೆಲ್ಲ ಆರ್ಡುಯಿನೊ ತಾನೇ ಮರುಚಾಲನೆಯಾಗುತ್ತಿತ್ತು. ಪ್ರೋಗ್ರಾಮ್ ತಪ್ಪಿರಬೇಕೆಂದು ಅರ್ಧ ರಾತ್ರಿ ಹುಡುಕಿದೆ. ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹ ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ದಾರಿ ಮುಚ್ಚಿದರೆ ವೋಲ್ಟೇಜನ್ನು ಎಷ್ಟೋ ಪಟ್ಟು ಏರಿಸಿಕೊಂಡು ನುಗ್ಗುತ್ತದೆ. 1ಎನ್4007 ಡಯೋಡನ್ನು ಕಾಂತದ ಎರಡು ತುದಿಗಳ ನಡುವೆ, ಬೆಳ್ಳಿ ಪಟ್ಟಿ ಪ್ಲಸ್ ಕಡೆಗಿರುವಂತೆ ಬೆಸುಗೆ ಹಾಕಿದರೆ ಆ ಪ್ರವಾಹ ಅಲ್ಲೇ ಸುತ್ತಿ ತಣ್ಣಗಾಗುತ್ತದೆ. ಪಟ್ಟಿ ಉಲ್ಟಾ ಆದರೆ ಕಾಂತ ಚಾಲೂ ಆದ ತಕ್ಷಣ ನೇರ ಶಾರ್ಟ್.

ಬಿಸಿಯ ಮೇಲೆ ಕಣ್ಣಿರಲಿ. ಒಂದೊಂದು ಕಾಂತವೂ 6 ವ್ಯಾಟ್ ಶಾಖ ಉಗುಳುತ್ತದೆ. ತಾಮ್ರ 50 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ರೋಧ ಸುಮಾರು ಶೇ 20ರಷ್ಟು ಏರುತ್ತದೆ, ಹಿಡಿತವೂ ಸಡಿಲವಾಗುತ್ತದೆ. ಭಾರ ಎತ್ತಿದ ನಂತರ ಪಿಡಬ್ಲ್ಯುಎಂ (ಬಲು ವೇಗವಾಗಿ ಚಾಲೂ ಮಾಡಿ ಆರಿಸುವ ವಿಧಾನ) ಮೂಲಕ ಪ್ರವಾಹ ಇಳಿಸಿ ನೋಡಿ. ಒಮ್ಮೆ ಅಂಟಿದ್ದನ್ನು ಹಿಡಿದಿಡಲು ಕಡಿಮೆ ಸಾಕು.

ಕೊನೆಗೊಂದು ತಮಾಷೆ. ಆರಿಸಿದ ಮೇಲೂ ನಮ್ಮ ಕ್ರೇನ್ ಸಣ್ಣ ತಿರುಪನ್ನು ಬಿಡುತ್ತಿರಲಿಲ್ಲ, ಕಬ್ಬಿಣದಲ್ಲಿ ತುಸು ಕಾಂತತ್ವ ಉಳಿದಿತ್ತು. ಮಗಳು ಕಾಂತದ ಮುಖಕ್ಕೆ ಒಂದು ತುಂಡು ಸೆಲೋ ಟೇಪ್ ಅಂಟಿಸಿದಳು, ತಿರುಪು ಟಪ್ಪನೆ ಬಿತ್ತು.